ಮಗಳಿಗೊಂದು ಪತ್ರ: ಅಸಮಾನತೆಗೆ ಕರ್ತೃ ಯಾರು?

ಮಗಳೇ,

ನಮ್ಮ ಭಾಗದ ಅಸಮಾನತೆಯ ಬಗ್ಗೆ ನೀನು ಬರೆದು ಕಳಿಸಿದ ವರದಿಯ ಕನ್ನಡ ಕರಡನ್ನು ಪೂರ್ತಿ ಓದಿದೆ. ಅಂಕಿಸಂಖ್ಯೆ ನಿನ್ನ ಓದಿಗೆ ಸೇರಿದ್ದು, ಅದರಲ್ಲಿ ನಾನು ಕೈಹಾಕುವುದಿಲ್ಲ. ನನ್ನ ತಕರಾರು ಭಾಷೆಯ ಬಗ್ಗೆ. ಕೂಲಿಯಲ್ಲಿ ಅಸಮಾನತೆ, ಕಾಲುವೆ ನೀರಿನಲ್ಲಿ ಅಸಮಾನತೆ, ಶಾಲೆಯಲ್ಲಿ ಅಸಮಾನತೆ, ಕೊನೆಗೆ ಊಟದ ಸಾಲಿನಲ್ಲೂ ಅಸಮಾನತೆ! ಒಂದೇ ಪದವನ್ನು ಇಷ್ಟು ದುಡಿಸಿದರೆ ಅದು ಬಸವಳಿಯದೆ ಇರುತ್ತದೆಯೇ? ಊಟದ ಸಾಲಿಗೆಂದೇ ಕನ್ನಡದಲ್ಲಿ ‘ಪಂಕ್ತಿಭೇದ’ ಇದೆ. ಅದನ್ನು ಅನುಭವಿಸಿದವರಿಗೆ ಬೇರೆ ವಿವರಣೆ ಬೇಕಾಗಿಲ್ಲ.

ಹೈಸ್ಕೂಲಿನಲ್ಲಿ ವ್ಯಾಕರಣ ಹೇಳಿಕೊಟ್ಟು ನಿವೃತ್ತಳಾದವಳು ನಾನು, ಹಾಗಾಗಿ ಕ್ರಿಯಾಪದದಿಂದಲೇ ಶುರುಮಾಡುತ್ತೇನೆ. ಅಸಮಾನತೆ ಇದೆ, ಹೆಚ್ಚಿದೆ, ಬೆಳೆದಿದೆ ಎನ್ನುತ್ತೇವೆ. ‘ಅವರು ಅಸಮಾನತೆ ಮಾಡಿದರು’ ಎಂದು ಯಾರ ಬಾಯಲ್ಲಾದರೂ ಕೇಳಿದ್ದೀಯಾ? ತಾರತಮ್ಯವನ್ನು ಮಾಡುತ್ತಾರೆ, ಎಸಗುತ್ತಾರೆ. ಭೇದಭಾವವನ್ನೂ ಪಕ್ಷಪಾತವನ್ನೂ ಮಾಡುತ್ತಾರೆ. ಈ ಪದಗಳು ಬಂದ ಕೂಡಲೇ ಓದುವವರು ‘ಮಾಡಿದವರು ಯಾರು?’ ಎಂದು ಕೇಳುತ್ತಾರೆ. ಅಸಮಾನತೆಯಾದರೆ ಮಳೆ ಬಂದ ಹಾಗೆ, ಯಾರೂ ಕರ್ತೃವನ್ನು ಹುಡುಕುವುದಿಲ್ಲ. ಸರ್ಕಾರದ ಕಡತಗಳಿಗೆ ಈ ಪದ ಅಷ್ಟು ಪ್ರಿಯವಾಗಿರುವುದು ಇದೇ ಕಾರಣಕ್ಕೆ ಎಂಬುದು ನನ್ನ ಗುಮಾನಿ.

ತಾರತಮ್ಯದ ಜಾತಕವೂ ಸ್ವಾರಸ್ಯದ್ದು. ಗುರುತರ, ಗುರುತಮ ಎನ್ನುವಾಗ ಬರುವ ತರ, ತಮ ಪ್ರತ್ಯಯಗಳಿಂದ ಹುಟ್ಟಿದ ಪದ ಅದು. ಮಧ್ವಾಚಾರ್ಯರ ದ್ವೈತ ಸಿದ್ಧಾಂತದಲ್ಲಿ ತಾರತಮ್ಯ ದೋಷವಲ್ಲ. ದೇವತೆಗಳಲ್ಲಿ, ಜೀವರಲ್ಲಿ ಸಹಜವಾಗಿಯೇ ಇರುವ ಶ್ರೇಣಿ. ಸಂವಿಧಾನದ 15ನೇ ವಿಧಿಯನ್ನು ಕನ್ನಡದಲ್ಲಿ ಹೇಳುವಾಗ ಅದೇ ಪದ ನಿಷೇಧದ ಪಟ್ಟಿಗೆ ಸೇರಿತು. ‘ವೈಷಮ್ಯ’ವನ್ನೂ ನೋಡು. ವಿಷಮ ಎಂದರೆ ಸಮವಲ್ಲದ್ದು, ಆ ಲೆಕ್ಕದಲ್ಲಿ ವೈಷಮ್ಯವೆಂದರೆ ಬರೀ ಏರುಪೇರು. ಆದರೆ ಪತ್ರಿಕೆಯಲ್ಲಿ ‘ಹಳೆಯ ವೈಷಮ್ಯ’ ಎಂದು ಬಂದರೆ ಕೆಳಗಿರುವುದು ಹೊಡೆದಾಟದ ಸುದ್ದಿಯೇ. ಇನ್ನು ‘ಅಸಮಾನ’ ಪದವನ್ನು ಧೈರ್ಯದ ಮುಂದೆ ಇಟ್ಟರೆ ಅದು ಹೊಗಳಿಕೆ. ಆದ್ದರಿಂದ ‘ಅಸಮಾನ ಅವಕಾಶ’ ಎಂದು ನೀನು ಬರೆದಿರುವ ಕಡೆ ಎಚ್ಚರ. ಯಾರಿಗೋ ಸಾಟಿಯಿಲ್ಲದ ಅವಕಾಶ ಸಿಕ್ಕಿತು ಎಂದೂ ಓದಬಹುದು.

ಈಗ ನಮ್ಮ ರಾಯಚೂರು ಜಿಲ್ಲೆಗೆ ಬರುತ್ತೇನೆ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಕೊಟ್ಟ ವರದಿಯನ್ನು ನೀನು ಬಹಳ ನೆಚ್ಚಿಕೊಂಡಿದ್ದೀಯ, ನೆಚ್ಚಬೇಕಾದ ವರದಿಯೇ. ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ಹಿಂದುಳಿದಿವೆ ಎಂದರು. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದವು’, ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಪಟ್ಟಿಯ ತಳದಲ್ಲಿ ಇದ್ದದ್ದು ನಮ್ಮ ಪಕ್ಕದ ದೇವದುರ್ಗ. ಸಮಿತಿಯ ಹೆಸರಿನಲ್ಲಿ ಇದ್ದ ಪದ ‘ಪ್ರಾದೇಶಿಕ ಅಸಮತೋಲನ’. ತಕ್ಕಡಿ ತಾನಾಗಿಯೇ ವಾಲಿತು ಎಂಬ ಧ್ವನಿ ಅದರಲ್ಲಿದೆ. ‘ಹಿಂದುಳಿದ’ ಎಂಬುದರಲ್ಲೂ ಅಷ್ಟೇ: ಉಳಿ ಎಂಬ ಧಾತು ಇದೆ, ಉಳಿಸು ಇಲ್ಲ. 1948ರವರೆಗೆ ನಿಜಾಮರ ಆಳ್ವಿಕೆ, ಆಮೇಲೆ 1956ರಿಂದ ಬೆಂಗಳೂರಿನ ಆಳ್ವಿಕೆ. ಇಷ್ಟು ದೊರೆಗಳಿದ್ದೂ ಹಿಂದೆ ಉಳಿಸಿದವರು ಮಾತ್ರ ಯಾರೂ ಇಲ್ಲ!

ಈ ಸಿಟ್ಟಿಗೆ ನಮ್ಮ ಭಾಗದ ಭಾಷಣಕಾರರು ಕಂಡುಕೊಂಡ ಪದ ‘ಮಲತಾಯಿ ಧೋರಣೆ’. ಅದರಲ್ಲಿ ಕರ್ತೃವೇನೋ ಇದ್ದಾಳೆ, ಒಪ್ಪುತ್ತೇನೆ. ಆದರೆ ವಿಧಾನಸೌಧದ ಗಂಡಸರು ಹಣ ಕೊಡದಿದ್ದಕ್ಕೆ ಯಾವಳೋ ಮಲತಾಯಿ ಯಾಕೆ ಬೈಸಿಕೊಳ್ಳಬೇಕು? ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎನ್ನಲಿ, ಸಾಕು.

ನಿನ್ನ ಕರಡಿನಲ್ಲಿ ನನಗೆ ಸಮಾಧಾನವೇ ಆಗದ್ದು ಕಾಲುವೆಯ ಅಧ್ಯಾಯ. ‘ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರಿನ ಹಂಚಿಕೆಯ ಅಸಮಾನತೆ ಕಂಡುಬರುತ್ತದೆ’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. 227 ಕಿಲೋಮೀಟರ್ ಉದ್ದದ ಕಾಲುವೆ ಅದು. ಯೋಜನೆ ಮಾಡಿದಾಗ ಇಲ್ಲಿಯ ಹೆಚ್ಚಿನ ಭೂಮಿಗೆ ನಿಗದಿಯಾದದ್ದು ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆ. ಮೇಲ್ಭಾಗದಲ್ಲಿ ನಿಗದಿಗೆ ಮೀರಿ ಭತ್ತ ಹಚ್ಚಿದರು. ಕಾಲುವೆಗೇ ಪಂಪ್‌ಸೆಟ್ ಇಟ್ಟು ಅಚ್ಚುಕಟ್ಟಿನ, ಅಂದರೆ ಕಾಲುವೆ ನೀರಿಗೆ ಗೊತ್ತುಮಾಡಿದ ಪ್ರದೇಶದ, ಹೊರಗಿನ ಹೊಲಕ್ಕೂ ನೀರೆತ್ತಿದರು. ನೋಡಬೇಕಾದವರು ನೋಡಲಿಲ್ಲ. ಕೆಳಭಾಗದ ಮಾನ್ವಿ, ರಾಯಚೂರು ಕಡೆಯ ರೈತರು ಗೇಜ್ (ಕಾಲುವೆಯ ನೀರಿನ ಮಟ್ಟ) ಕಾಯ್ದುಕೊಳ್ಳಿ ಎಂದು ರಸ್ತೆಯಲ್ಲಿ ಕೂರುವುದು ಪ್ರತಿ ಹಂಗಾಮಿನ ಮಾತಾಯಿತು. ಇನ್ನೊಂದು ವಿಷಯ ನೀನು ಗಮನಿಸಬೇಕು: ಮಾನ್ವಿಗಿಂತ ಮೊದಲು ನೀರು ಮುಟ್ಟುವ ಸಿಂಧನೂರು, ಕಾದು ಕೂರುವ ಮಾನ್ವಿ, ಎರಡೂ ಆ 39ರ ಪಟ್ಟಿಯಲ್ಲೇ ಇವೆ. ಬೆಂಗಳೂರಿನ ಕಡೆ ಬೆರಳು ತೋರಿಸುವ ನಾವು ಕಾಲುವೆಯ ಮೇಲ್ಭಾಗಕ್ಕೆ ಬಂದಾಗ ಮಾತು ನುಂಗುತ್ತೇವೆ, ಯಾಕೆಂದರೆ ಅಲ್ಲಿರುವವರು ನಮ್ಮ ಬೀಗರು.

ಕೂಲಿಯ ವಿಷಯದಲ್ಲೂ ಹೀಗೆಯೇ. ‘ಲಿಂಗ ಅಸಮಾನತೆ’ ಎಂದು ಬರೆದಿದ್ದೀಯ. ಊರಲ್ಲಿ ಹೇಳುವುದು ಹೆಣ್ಣಾಳಿನ ಕೂಲಿ, ಗಂಡಾಳಿನ ಕೂಲಿ ಎಂದು. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದಿತು ಅದು. ಹತ್ತಿ ಬಿಡಿಸುವುದು, ಕಳೆ ತೆಗೆಯುವುದು ಹೆಣ್ಣಿಗೆ. ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯುವುದು, ಚೀಲ ಹೊರುವುದು ಗಂಡಿಗೆ. ಕೆಲಸವೇ ಬೇರೆ ಎಂದಾದಾಗ ಕಾಯ್ದೆಗೆ ಹೊಲದಲ್ಲಿ ಏನು ಕೆಲಸ? ಉದ್ಯೋಗ ಖಾತರಿಯಲ್ಲಿ ಮಾತ್ರ 2024-25ರ ದರ ದಿನಕ್ಕೆ 349 ರೂಪಾಯಿ ಎಂದರೆ ಇಬ್ಬರಿಗೂ ಅಷ್ಟೇ ಇತ್ತು. ಬಗ್ಗಿ ಬಗ್ಗಿ ಸೊಂಟ ಹೋಗುವ ಕಳೆ ಕೆಲಸಕ್ಕೆ ‘ಹಗುರ ಕೆಲಸ’ ಎಂದು ಹೆಸರಿಟ್ಟವರು ಒಂದು ದಿನ ಮಾಡಿ ನೋಡಲಿ.

ಅಸಮಾನತೆ ಪದವನ್ನು ಪೂರ್ತಿ ಬಿಡು ಎನ್ನುತ್ತಿಲ್ಲ. ಸಂವಿಧಾನದ 38ನೇ ವಿಧಿಗೆ 1978ರ ತಿದ್ದುಪಡಿಯಲ್ಲಿ ಸೇರಿದ ಎರಡನೆಯ ಖಂಡವನ್ನು ತೆಗೆದು ಓದು. ಆದಾಯದ ಅಸಮಾನತೆಯನ್ನು ಕಡಿಮೆ ಮಾಡಲು ಸರ್ಕಾರ ಶ್ರಮಿಸಬೇಕು. ಸ್ಥಾನಮಾನ, ಸೌಲಭ್ಯ, ಅವಕಾಶಗಳ ಅಸಮಾನತೆಯನ್ನು ಇಲ್ಲವಾಗಿಸಲು ಯತ್ನಿಸಬೇಕು. ವ್ಯಕ್ತಿಗಳ ನಡುವೆ ಮಾತ್ರವಲ್ಲ, ಬೇರೆ ಬೇರೆ ಪ್ರದೇಶಗಳ ಜನರ ನಡುವೆ ಕೂಡ. ಒಂದಕ್ಕೆ ‘ಕಡಿಮೆ ಮಾಡು’, ಇನ್ನೊಂದಕ್ಕೆ ‘ಇಲ್ಲವಾಗಿಸು’. ಅಲ್ಲಿ ಆ ಪದ ಕೂತ ಜಾಗ ಸರಿಯಾಗಿದೆ, ಪಕ್ಕದಲ್ಲಿ ಕ್ರಿಯಾಪದವಿದೆ, ಮಾಡಬೇಕಾದವರ ಹೆಸರೂ ಇದೆ.

ಅಡಿಟಿಪ್ಪಣಿಯಲ್ಲಿ ‘ಮೇಲುಕೀಳು’ ಪದಕ್ಕೆ ‘ಗ್ರಾಮ್ಯ’ ಎಂಬ ಹಣೆಪಟ್ಟಿ ಹಚ್ಚಿದ್ದೀಯ, ಅದನ್ನು ಅಳಿಸು. ಕಾಲುವೆಯ ಅಧ್ಯಾಯವನ್ನು ಮತ್ತೆ ಬರೆದು, ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಕಳಿಸು. ಅದಕ್ಕೂ ಮೊದಲು ಮಾನ್ವಿಯ ಸೋದರಮಾವನಿಗೆ ಫೋನ್ ಮಾಡು. ಈ ಸಲ ಗೇಜ್ ಎಲ್ಲಿಗೆ ನಿಂತಿತು, ಗೇಟಿನ ಬೀಗದ ಕೈ ಯಾರ ಹತ್ತಿರ ಇತ್ತು ಎಂದು ಅವನಿಗೆ ಗೊತ್ತು.

ನಿನ್ನ ಅವ್ವ