ಇನ್ನೂ ಯಾಕೆ ಕಾಯ್ತಿದ್ದಾರೆ ಅಂತ ಕೇಳಿದೆಯಲ್ಲ

ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ನಿನ್ನ ತಮ್ಮ ಎಕ್ಮೋ (ರಕ್ತವನ್ನು ಪೈಪಿನಲ್ಲಿ ಹೊರಗೆ ತೆಗೆದು ಆಮ್ಲಜನಕ ತುಂಬಿ ಮತ್ತೆ ಒಳಗೆ ಬಿಡುವ ಮೆಷಿನ್) ಮೇಲೆ ಮೂರನೇ ವಾರದಲ್ಲಿದ್ದಾನೆ, ಶ್ವಾಸಕೋಶ ಕಸಿ ಬೇಕಾಗಬಹುದು ಅಂತ ಡಾಕ್ಟರೇ ಹೇಳಿ ಈಗ ಸುಮ್ನೆ ಕೂತಿದ್ದಾರೆ ಅಂತ ನಿನ್ನ ಸಿಟ್ಟು. ಅವರು ಸುಮ್ನೆ ಕೂತಿಲ್ಲ ಕಣೋ.

ಕೋವಿಡ್ ಥರದ ಸೋಂಕಿನಲ್ಲಿ ವೈರಸ್ ಹೋದ ಮೇಲೂ ಶ್ವಾಸಕೋಶದಲ್ಲಿ ಉರಿಯೂತ ಉಳಿಯುತ್ತದೆ. ಕೆಲವರಿಗೆ ಅದು ನಿಧಾನಕ್ಕೆ ಇಳಿಯುತ್ತದೆ, ಇನ್ನು ಕೆಲವರಿಗೆ ಶ್ವಾಸಕೋಶವೇ ಹಳೇ ಗಾಯದ ಕಲೆಯ ಹಾಗೆ ಗಟ್ಟಿಯಾಗಿಬಿಡುತ್ತದೆ. ಮೊದಲ ವಾರಗಳಲ್ಲಿ ಯಾರದ್ದು ಯಾವ ದಾರಿ ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ನೋಡುತ್ತಾರೆ. ಸರಿಹೋಗಬಹುದಾಗಿದ್ದ ಶ್ವಾಸಕೋಶ ತೆಗೆದುಬಿಟ್ಟರೆ ಮತ್ತೆ ಸಿಗಲ್ಲ ಅಲ್ವಾ? 2020ರ ಜೂನ್‌ನಲ್ಲಿ ಚಿಕಾಗೋದಲ್ಲಿ ಸರ್ಜನ್ ಅಂಕಿತ್ ಭರತ್ ಅವರ ತಂಡ ಕೋವಿಡ್ ಆಗಿದ್ದ ಯುವತಿಯೊಬ್ಬಳಿಗೆ ಎರಡೂ ಶ್ವಾಸಕೋಶ ಬದಲಿಸಿತಲ್ಲ, ಅವಳ ಹೆಸರನ್ನು ಕಸಿಗೆ ಕಾಯುವವರ ಪಟ್ಟಿಗೆ ಸೇರಿಸಿದ್ದೂ ಟೆಸ್ಟ್ ನೆಗೆಟಿವ್ ಬಂದ ಮೇಲೇ.

ಈ ಕಾಯುವ ದಿನಗಳಲ್ಲಿ ಮಾಡುವ ಕೆಲಸ ಬಹಳ ಇದೆ. ನಾನು ಫಿಸಿಯೋ, ಅದಕ್ಕೇ ಇದನ್ನೇ ಕೊರೆಯುತ್ತೇನೆ ಅಂದುಕೋ ಪರವಾಗಿಲ್ಲ. ಅವನನ್ನು ಎಚ್ಚರವಾಗಿಟ್ಟಿದ್ದಾರಾ ಕೇಳು. ಪೈಪ್ ಕುತ್ತಿಗೆಯಲ್ಲಿದ್ದರೆ, ಕಪ್ಪಗೆ ಹೊರಗೆ ಬಂದ ರಕ್ತ ಕೆಂಪಗೆ ಒಳಗೆ ಹೋಗುತ್ತಿರುವಾಗಲೇ ರೋಗಿಯನ್ನು ಕೂರಿಸುತ್ತೇವೆ, ನಿಲ್ಲಿಸುತ್ತೇವೆ, ಮೆಷಿನ್ ಪಕ್ಕದಲ್ಲಿ ತಳ್ಳಿಕೊಂಡು ನಾಲ್ಕು ಹೆಜ್ಜೆ ನಡೆಸುತ್ತೇವೆ. ಸ್ನಾಯು ಕರಗಿ ಹಾಸಿಗೆಗೆ ಅಂಟಿದವನಿಗೆ ಕಸಿ ತಡೆದುಕೊಳ್ಳುವುದು ಕಷ್ಟ. ಕಿಡ್ನಿ, ಲಿವರ್ ಕೈಕೊಟ್ಟರೆ ಪಟ್ಟಿಗೆ ಸೇರುವುದೇ ಅನುಮಾನ. ಎಚ್ಚರ ಇದ್ದರೆ ಇನ್ನೊಂದು ಲಾಭ, ಬೇಕೋ ಬೇಡವೋ ಅಂತ ಅವನೇ ಹೇಳಬಹುದು. ನೀನು, ಅಮ್ಮ ಹೇಳುವುದಕ್ಕಿಂತ ಅದು ಮುಖ್ಯ.

ಯಾಕೆಂದರೆ ಆಮೇಲಿನದ್ದು ಅನುಭವಿಸುವವನು ಅವನು. ದೇಹ ಹೊಸ ಶ್ವಾಸಕೋಶವನ್ನು ತಿರಸ್ಕರಿಸದ ಹಾಗೆ ಟ್ಯಾಕ್ರೋಲಿಮಸ್ ಥರದ ಮಾತ್ರೆ ಬದುಕಿರುವವರೆಗೂ ಬೇಕು, ಅದರಿಂದಲೇ ಸೋಂಕಿನ ಭಯವೂ ಜಾಸ್ತಿ. ಯಾವ ಕಾಯಿಲೆಗೇ ಆಗಲಿ, ಶ್ವಾಸಕೋಶ ಕಸಿ ಆದವರಲ್ಲಿ ಆರು ವರ್ಷ ದಾಟುವವರು ಹೆಚ್ಚುಕಡಿಮೆ ಅರ್ಧದಷ್ಟು ಜನ. ಇದನ್ನು ಮುಚ್ಚಿಡಬೇಡಿ. ಇನ್ನೊಂದು ವಿಷಯ, ಕಸಿ ಮಾಡುವಾಗ ನರಗಳು ತುಂಡಾಗುವುದರಿಂದ ಒಳಗೆ ಕಫ ಕೂತರೂ ಅವನಿಗೆ ಗೊತ್ತಾಗುವುದಿಲ್ಲ, ಕೆಮ್ಮು ತಾನಾಗಿ ಬರುವುದಿಲ್ಲ. ನೆನಪಿಟ್ಟುಕೊಂಡು ಕೆಮ್ಮಬೇಕು. ಎಲ್ಲರೂ ಮರೆಯುವುದು ಇದನ್ನೇ!

ನಾಳೆ ರೌಂಡ್ಸ್‌ಗೆ ಬಂದಾಗ ಜಗಳ ಆಡಬೇಡ. ಕಸಿ ಮಾಡುವ ತಂಡಕ್ಕೆ ಈಗಲೇ ರಿಪೋರ್ಟ್ ಕಳಿಸಿದ್ದೀರಾ ಅಂತ ಮಾತ್ರ ಕೇಳು. ಇಲ್ಲ ಅಂದರೆ ಅದನ್ನು ಮಾತ್ರ ನಾಳೆಯೇ ಮಾಡಿಸು. ಆಮೇಲೆ ಫೋನ್ ಮಾಡು, ರಾತ್ರಿ ಎಷ್ಟೊತ್ತಾದರೂ ಸರಿ.