ಭೈರಪ್ಪನವರ ಕಾದಂಬರಿಗಳ ಜೊತೆಗೆ ಅವರ ಸೌಂದರ್ಯಮೀಮಾಂಸೆಯನ್ನೂ ಓದಬೇಕು

ಮಾನ್ಯ ಸಂಪಾದಕರೇ,

ಡಾ. ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡ ಮೇಲೆ ತಮ್ಮ ಪತ್ರಿಕೆಯಲ್ಲಿಯೂ ಇತರೆಡೆಗಳಲ್ಲಿಯೂ ಪ್ರಕಟವಾದ ಬರಹಗಳನ್ನು ನಾನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಅವರ ಯಾವ ಕಾದಂಬರಿ ಎಷ್ಟು ಮುದ್ರಣ ಕಂಡಿತು, ಯಾವುದು ಎಂತಹ ವಿವಾದ ಎಬ್ಬಿಸಿತು ಎಂಬ ಸಂಗತಿಗಳೇ ಬಹುಪಾಲು ಲೇಖನಗಳನ್ನು ತುಂಬಿಕೊಂಡಿವೆ. ಅವರು ಮೂರು ದಶಕಗಳಿಗೂ ಮೀರಿದ ಕಾಲ ಮೇಷ್ಟರಾಗಿದ್ದರು, ತತ್ತ್ವಶಾಸ್ತ್ರದಲ್ಲಿ ಕ್ರಮಬದ್ಧವಾಗಿ ದುಡಿದ ವಿದ್ವಾಂಸರಾಗಿದ್ದರು ಎಂಬ ಮಾತು ಮಾತ್ರ ಒಂದೆರಡು ಸಾಲುಗಳಲ್ಲಿ ಮುಗಿದುಹೋಗಿದೆ. ಅದೇ ಶಾಸ್ತ್ರವನ್ನು ಪಾಠ ಹೇಳಿ ನಿವೃತ್ತನಾದ ನನಗೆ ಇದು ಅವರಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂಬ ನೋವನ್ನು ತಂದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡು, ಓದನ್ನು ನಡುವೆ ಬಿಟ್ಟು ಅಲೆಯುತ್ತ ಮುಂಬಯಿಯ ರೈಲುನಿಲ್ದಾಣದಲ್ಲಿ ಹಮಾಲಿ ಮಾಡಿ, ಕೆಲವು ತಿಂಗಳು ಸಾಧುಗಳ ಜೊತೆಗೂ ತಿರುಗಿ ಬಂದ ಹುಡುಗ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಪದವಿಯನ್ನು ಚಿನ್ನದ ಪದಕದೊಡನೆ ಪಡೆದ ಕತೆ ಅವರ ಆತ್ಮಕಥೆ ‘ಭಿತ್ತಿ’ಯ ಓದುಗರಿಗೆಲ್ಲ ತಿಳಿದದ್ದೇ. ನಾನು ಗಮನ ಸೆಳೆಯಬಯಸುವುದು ಅದರ ಮುಂದಿನ ಹಂತಕ್ಕೆ. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಅವರು ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಸತ್ಯಕ್ಕೂ ಸೌಂದರ್ಯಕ್ಕೂ ಇರುವ ಸಂಬಂಧ. ಸೌಂದರ್ಯಮೀಮಾಂಸೆಗೆ, ಎಂದರೆ ಸೌಂದರ್ಯದ ಮತ್ತು ಕಲೆಯ ಸ್ವರೂಪವನ್ನು ವಿಚಾರಿಸುವ ಶಾಸ್ತ್ರಕ್ಕೆ, ಸೇರಿದ ವಿಷಯವಿದು. ಆ ಅಧ್ಯಯನ 1966ರಲ್ಲಿ ‘ಸತ್ಯ ಮತ್ತು ಸೌಂದರ್ಯ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ದೊರಕಿತು. ಆಮೇಲೆ ‘ಸಾಹಿತ್ಯ ಮತ್ತು ಪ್ರತೀಕ’, ‘ಕಥೆ ಮತ್ತು ಕಥಾವಸ್ತು’, ‘ನಾನೇಕೆ ಬರೆಯುತ್ತೇನೆ?’ ಬಂದವು. ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಿಂದ ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಗೆ (ಎನ್‌ಸಿಇಆರ್‌ಟಿ), ಕೊನೆಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜಿಗೆ ಬಂದು 1991ರಲ್ಲಿ ನಿವೃತ್ತರಾಗುವವರೆಗೂ ಅವರ ಪ್ರಮುಖ ಕಾದಂಬರಿಗಳಲ್ಲಿ ಹಲವು ಹುಟ್ಟಿದ್ದು ಪಾಠಪ್ರವಚನಗಳ ನಡುವೆಯೇ.

ತತ್ತ್ವಶಾಸ್ತ್ರ ಮತ್ತು ಕಾದಂಬರಿ ಎಂಬ ಈ ಎರಡು ಕೆಲಸಗಳನ್ನು ಬೇರೆ ಬೇರೆ ಖಾನೆಗಳಲ್ಲಿ ಇಟ್ಟು ನೋಡುವುದೇ ತಪ್ಪೆಂದು ನನ್ನ ಅಭಿಪ್ರಾಯ. 1965ರ ‘ವಂಶವೃಕ್ಷ’ವನ್ನೇ ತೆಗೆದುಕೊಳ್ಳೋಣ. ಚರ್ಚೆಯೆಲ್ಲ ಸಂಪ್ರದಾಯನಿಷ್ಠರಾದ ಶ್ರೀನಿವಾಸ ಶ್ರೋತ್ರಿಯರ ಮತ್ತು ಅವರ ವಿಧವೆ ಸೊಸೆ ಕಾತ್ಯಾಯನಿಯ ಸುತ್ತ ನಡೆಯುತ್ತದೆ. ಅದು ಸಹಜವೂ ಹೌದು. ಆದರೆ ಅದೇ ಕಾದಂಬರಿಯಲ್ಲಿ ಸದಾಶಿವರಾಯರೆಂಬ ಇತಿಹಾಸದ ಪ್ರಾಧ್ಯಾಪಕರಿದ್ದಾರೆ. ಭಾರತದ ಸಾಂಸ್ಕೃತಿಕ ಇತಿಹಾಸವನ್ನು ಸಂಪುಟ ಸಂಪುಟವಾಗಿ ಬರೆಯುವ ಹಟದಲ್ಲಿ ಅವರು ಆಯುಷ್ಯವನ್ನು ತೇಯುತ್ತಾರೆ. ಗ್ರಂಥಕಾರ್ಯದಲ್ಲಿ ನೆರವಾಗುವ ಸಿಂಹಳದ ಕರುಣರತ್ನೆಯನ್ನು ಮದುವೆಯಾಗುತ್ತಾರೆ. ಮನೆಯಲ್ಲಿ ಮೊದಲ ಹೆಂಡತಿ ನಾಗಲಕ್ಷ್ಮಿ ಗಂಡನ ವಿದ್ವತ್ತಿಗೆ ತನ್ನ ಬಾಳನ್ನೇ ತೆತ್ತು ಕುಳಿತಿರುತ್ತಾಳೆ. ಜ್ಞಾನದ ಹಸಿವು ಸಂಸಾರದಿಂದ ಏನನ್ನು ಕಿತ್ತುಕೊಳ್ಳುತ್ತದೆ, ಕಿತ್ತುಕೊಳ್ಳುವ ಹಕ್ಕು ಅದಕ್ಕೆ ಉಂಟೇ ಎಂದು ಇಷ್ಟು ನಿಷ್ಠುರವಾಗಿ ಕೇಳಿಕೊಳ್ಳಲು ಗ್ರಂಥಾಲಯದ ಮೇಜಿನ ಮುಂದೆ ಸ್ವತಃ ವರ್ಷಗಟ್ಟಲೆ ಕುಳಿತವರಿಗೆ ಮಾತ್ರ ಸಾಧ್ಯ. ಶ್ರೋತ್ರಿಯರು ತಮ್ಮ ಹುಟ್ಟಿನ ಗುಟ್ಟನ್ನು ಹಳೆಯ ಕಾಗದಗಳಿಂದ ತಿಳಿದುಕೊಳ್ಳುವ ಭಾಗವನ್ನು ಓದುವಾಗಲೆಲ್ಲ ನನಗೆ ಅದು ಪ್ರಮಾಣಶಾಸ್ತ್ರದ, ಎಂದರೆ ಸರಿಯಾದ ಅರಿವಿಗೆ ಆಧಾರವೇನೆಂದು ವಿಚಾರಿಸುವ ಶಾಸ್ತ್ರದ, ಪಾಠವೊಂದು ಮನುಷ್ಯನ ಎದೆಯೊಳಗೆ ನಡೆದಂತೆ ತೋರುತ್ತದೆ: ನಂಬಿಕೆ ಒಂದು ಕಡೆ, ಪ್ರಮಾಣ ಇನ್ನೊಂದು ಕಡೆ, ಪ್ರಮಾಣವನ್ನು ಒಪ್ಪಿ ಅದರಂತೆ ನಡೆಯಬೇಕಾದ ವೃದ್ಧ ಮತ್ತೊಂದು ಕಡೆ.

ಮಹಾಭಾರತವನ್ನು ಕಾದಂಬರಿಯಾಗಿಸಿದ ‘ಪರ್ವ’ದ ಸಿದ್ಧತೆಯನ್ನು ಕುರಿತು ಅವರೇ ವಿಸ್ತಾರವಾಗಿ ಬರೆದಿರುವುದರಿಂದ ನಾನು ಹೆಚ್ಚು ಹೇಳಬೇಕಾಗಿಲ್ಲ. ವರ, ಶಾಪ, ಪವಾಡಗಳನ್ನು ಕಳಚಿ, ಪಾಂಡವರ ಹುಟ್ಟನ್ನು ನಿಯೋಗಪದ್ಧತಿಯ (ಗಂಡನ ಒಪ್ಪಿಗೆಯಿಂದ ಪರಪುರುಷನಲ್ಲಿ ಸಂತಾನ ಪಡೆಯುವ ರೂಢಿಯ) ಬೆಳಕಿನಲ್ಲಿ, ದ್ರೌಪದಿಯ ವಿವಾಹವನ್ನು ಹಿಮಾಲಯದ ಬಹುಪತಿತ್ವದ ಬೆಳಕಿನಲ್ಲಿ ಕಂಡದ್ದು ಸಂಶೋಧಕನ ದೃಷ್ಟಿ. ಅದನ್ನು ಕುಂತಿಯ, ದ್ರೌಪದಿಯ, ಭೀಮನ ಸ್ವಗತಗಳಲ್ಲಿ ಕರಗಿಸಿದ್ದು ಕಲಾವಿದನ ಕೈ. ‘ಸಾರ್ಥ’ದಲ್ಲಿ ಎಂಟನೆಯ ಶತಮಾನದ ನಾಲಂದ, ಕುಮಾರಿಲ ಭಟ್ಟರು, ಮಂಡನಮಿಶ್ರ ಮತ್ತು ಶಂಕರರ ವಾದ ಇವೆಲ್ಲ ಕಥೆಗೆ ಹೊದಿಸಿದ ಅಲಂಕಾರಗಳಾಗಿ ಬರದೆ ಕಥಾನಾಯಕ ನಾಗಭಟ್ಟನ ಒಳತೋಟಿಯ ಭಾಗಗಳಾಗಿಯೇ ಬರುತ್ತವೆ.

ನನ್ನ ಮಾತಿಗೆ ಅತ್ಯಂತ ಗಟ್ಟಿಯಾದ ಆಧಾರ ‘ಮಂದ್ರ’. 2001ರಲ್ಲಿ ಪ್ರಕಟವಾಗಿ ಮುಂದೆ ಸರಸ್ವತಿ ಸಮ್ಮಾನ್ ಪಡೆದ ಈ ಕಾದಂಬರಿಯ ಮೋಹನಲಾಲ್ ಶ್ರೇಷ್ಠ ಗಾಯಕ; ಬದುಕಿನಲ್ಲಿ ಮಾತ್ರ ತನ್ನನ್ನು ನಂಬಿದವರನ್ನು, ಅದರಲ್ಲಿಯೂ ಹೆಂಗಸರನ್ನು, ಬಳಸಿಕೊಂಡು ಬಿಡುವವನು. ಅವನ ಕಂಠದಿಂದ ಹೊಮ್ಮುವ ರಾಗ ಕೇಳುವವರನ್ನು ಪಾವನಗೊಳಿಸುವಂತಿದ್ದರೆ ಅವನನ್ನೇಕೆ ಪಾವನಗೊಳಿಸುವುದಿಲ್ಲ? ಸೌಂದರ್ಯದ ಅನುಭವಕ್ಕೂ ಸತ್ಯಕ್ಕೂ ಸಂಬಂಧವಿದೆಯೆಂದಾದರೆ ಆ ಸಂಬಂಧ ನಾದದಲ್ಲಿಯೇ ಮುಗಿಯುತ್ತದೆಯೋ, ನಡತೆಗೂ ಇಳಿಯಬೇಕೋ? 1960ರ ದಶಕದ ಸಂಶೋಧನೆಯಲ್ಲಿ ಕೈಗೆತ್ತಿಕೊಂಡ ಪ್ರಶ್ನೆಯನ್ನು ಸುಮಾರು ನಾಲ್ಕು ದಶಕಗಳ ಬಳಿಕ ಅವರು ಮತ್ತೆ ಎತ್ತಿಕೊಂಡಿದ್ದಾರೆ. ಈ ಸಲ ಅದಕ್ಕೆ ತಂಬೂರಿಯ ಶ್ರುತಿಯಿದೆ, ವಂಚನೆಗೊಳಗಾದ ಹೆಣ್ಣುಗಳ ಸಂಕಟವಿದೆ. ಸುಲಭವಾದ ಉತ್ತರ ಮಾತ್ರ ಇಲ್ಲ. ‘ಸತ್ಯ ಮತ್ತು ಸೌಂದರ್ಯ’ವನ್ನು ಓದದೆಯೂ ‘ಮಂದ್ರ’ವನ್ನು ಆಸ್ವಾದಿಸಬಹುದು, ಅನುಮಾನವಿಲ್ಲ. ಓದಿದವರಿಗೆ ಈ ಪ್ರಶ್ನೆಯ ಆಳ ಬೇರೆಯಾಗಿಯೇ ಕಾಣುತ್ತದೆ.

ಅವರ ಎಲ್ಲ ಕೃತಿಗಳಲ್ಲಿಯೂ ವಿದ್ವತ್ತು ಮತ್ತು ಕಲೆ ಹೀಗೆ ಬೆಸೆದುಕೊಂಡಿವೆಯೆಂದು ನಾನು ಹೇಳಲಾರೆ. ‘ಆವರಣ’ದಲ್ಲಿ ತಂದೆಯ ಗ್ರಂಥಸಂಗ್ರಹದ ನಡುವೆ ಕುಳಿತು ಇತಿಹಾಸವನ್ನು ಶೋಧಿಸುವ ಮಗಳ ಚಿತ್ರ ಬಲವಾದದ್ದಾದರೂ, ಆಧಾರಗ್ರಂಥಗಳ ಭಾರಕ್ಕೆ ಕಥೆ ಬಾಗಿದೆ, ಎದುರಾಳಿಯ ಮಾತಿಗೆ ಸಾಲುವಷ್ಟು ಜಾಗ ದೊರೆತಿಲ್ಲ ಎಂಬುದು ನನ್ನ ಪ್ರಾಮಾಣಿಕ ಅನಿಸಿಕೆ. ಸಾಹಿತಿಯ ಹೊಣೆ ರಸಕ್ಕೆ, ಸಮಾಜಸುಧಾರಣೆಯ ಕಾರ್ಯಕ್ರಮಕ್ಕಲ್ಲ ಎಂದು ಜೀವನದುದ್ದಕ್ಕೂ ವಾದಿಸಿದವರು ಅವರು. ಆ ಕಾದಂಬರಿಯನ್ನು ಒಪ್ಪದವರು ಅವರದೇ ಸಾಹಿತ್ಯತತ್ತ್ವವನ್ನು ಅಳತೆಗೋಲಾಗಿ ಹಿಡಿದು ಪರೀಕ್ಷಿಸಿದ್ದರೆ ಕನ್ನಡ ವಿಮರ್ಶೆಗೆ ಎಷ್ಟೋ ಲಾಭವಾಗುತ್ತಿತ್ತು. ಪರ ವಿರೋಧಗಳ ಗದ್ದಲದಲ್ಲಿ ಅಂತಹ ಪರೀಕ್ಷೆ ನಡೆದದ್ದು ತೀರ ಕಡಿಮೆ.

ನಾನು ಕೆಲಸ ಮಾಡಿದ ಕಾಲೇಜೊಂದರ ಗ್ರಂಥಾಲಯದಲ್ಲಿ ‘ಗೃಹಭಂಗ’, ‘ದಾಟು’ಗಳ ಪ್ರತಿಗಳು ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತು, ಎರಡೆರಡು ಸಲ ಬೈಂಡು ಮಾಡಿಸಿಕೊಂಡಿದ್ದವು. ಪಕ್ಕದ ಕಪಾಟಿನಲ್ಲಿದ್ದ ‘ಸತ್ಯ ಮತ್ತು ಸೌಂದರ್ಯ’ದ ಒಳರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಇದ್ದ ದಿನಾಂಕಗಳೆಲ್ಲ ನಾನು ಎರವಲು ಪಡೆದ ದಿನಗಳವೇ. ಆ ಕಾಲೇಜಿನಲ್ಲಿ ಮುಂದೆ ತತ್ತ್ವಶಾಸ್ತ್ರದ ವಿಭಾಗವನ್ನೇ ಮುಚ್ಚಿದರು. ಕನ್ನಡ ವಿಭಾಗದವರು ಅದನ್ನು ತತ್ತ್ವಶಾಸ್ತ್ರದ ಪುಸ್ತಕವೆಂದು ಬಿಟ್ಟಿದ್ದರು, ನನ್ನ ವಿಭಾಗದ ಹಿರಿಯರು ಕಾದಂಬರಿಕಾರನ ಪುಸ್ತಕವೆಂದು ಬಿಟ್ಟಿದ್ದರು.

ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನ ಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟು. ಭೈರಪ್ಪನವರ ಸೌಂದರ್ಯಮೀಮಾಂಸೆಯ ಗ್ರಂಥಗಳನ್ನೂ ಲೇಖನಗಳನ್ನೂ, ಪಾರಿಭಾಷಿಕ ಪದಗಳ ವಿವರಣೆ ಮತ್ತು ಪದಸೂಚಿಯೊಡನೆ, ವಿದ್ಯಾರ್ಥಿಗಳಿಗೆ ಎಟಕುವ ಬೆಲೆಯಲ್ಲಿ ಒಂದೇ ಸಂಪುಟವಾಗಿ ತರಬೇಕು. ಕಾವ್ಯಮೀಮಾಂಸೆಯ ಪಠ್ಯವಿಷಯದಲ್ಲಿ ಪ್ರಾಚೀನ ಆಲಂಕಾರಿಕರಾದ ಆನಂದವರ್ಧನ, ಅಭಿನವಗುಪ್ತರನ್ನು ಓದುವ ಎಂ.ಎ. ವಿದ್ಯಾರ್ಥಿಗೆ ‘ಸತ್ಯ ಮತ್ತು ಸೌಂದರ್ಯ’ದ ಒಂದು ಅಧ್ಯಾಯವನ್ನಾದರೂ ಪಠ್ಯವಾಗಿಟ್ಟು, ಅದೇ ಸೆಮಿಸ್ಟರಿನಲ್ಲಿ ‘ಮಂದ್ರ’ವನ್ನೂ ಓದಿಸಬೇಕು. ತಮ್ಮ ಪತ್ರಿಕೆಯ ಸಾಪ್ತಾಹಿಕ ಪುರವಣಿಯಲ್ಲಿ ಈ ಗ್ರಂಥಗಳನ್ನು ಕುರಿತು, ಅವರನ್ನು ಒಪ್ಪುವವರಿಂದಲೂ ಒಪ್ಪದವರಿಂದಲೂ, ಒಂದೊಂದು ಲೇಖನ ಬರೆಯಿಸಬೇಕೆಂದು ತಮ್ಮನ್ನೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ತತ್ತ್ವಶಾಸ್ತ್ರ ಅಧ್ಯಾಪಕ, ಮೈಸೂರು