ಜಾಸ್ತಿ ನೀರು ಹಾಕಿ ಅಂದವರೂ ನೀವೇ, ಜಾಸ್ತಿ ನೀರು ಹಾಕಿದ್ದೀರಿ ಅಂದವರೂ ನೀವೇ

ಗ್ರಾಹಕ ಸೇವಾ ವಿಭಾಗದವರಿಗೆ,

ವಿಷಯ: ಬೇರು ಕೊಳೆತ ಆರ್ಕಿಡ್ ಮತ್ತು ನೀವೇ ಮುಚ್ಚಿಹಾಕಿದ ನನ್ನ ದೂರು

ನಮಸ್ಕಾರ. ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಮರ್ಯಾದೆಯಿಂದಲೇ ಮಾತಾಡಿದೆ. ನಿನ್ನೆ ನಿಮ್ಮಿಂದ ಮೆಸೇಜ್ ಬಂತು: 'ನಿಮ್ಮ ದೂರು ಬಗೆಹರಿದಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?' ಏನು ಬಗೆಹರಿಯಿತು ಅಂತ ನನಗಂತೂ ಗೊತ್ತಾಗಲಿಲ್ಲ. ಗಿಡ ಸತ್ತರೆ ದೂರೂ ಅದರ ಜೊತೆಗೇ ಹೋಗುತ್ತದೆ ಅನ್ನುವ ಲೆಕ್ಕ ಇರಬಹುದು. ಸಿಟ್ಟು ಮಾಡಿಕೊಳ್ಳದೆ ಬರೆಯಬೇಕು ಅಂತ ಕೂತಿದ್ದೇನೆ, ನೋಡೋಣ ಎಷ್ಟು ದೂರ ಆಗುತ್ತದೋ.

ಆರ್ಡರ್ ನಂಬರ್ ನಿಮ್ಮ ಹತ್ತಿರ ಇದೆ. 30 ದಿನದ ಗ್ಯಾರಂಟಿಯಲ್ಲಿ ಬೇರಿನ ಬಗ್ಗೆ ಏನು ಬರೆದಿದ್ದೀರಿ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ಮೊದಲು ಫೋನ್ ಮಾಡಿದ್ದು 9ನೇ ದಿನ. ಇವತ್ತು 24ನೇ ದಿನ.

ಆ 9ನೇ ದಿನ ಫೆಲನೋಪ್ಸಿಸ್ ಆರ್ಕಿಡ್‌ನ ಕೆಳಗಿನ ಎರಡು ಎಲೆ ಸುಕ್ಕುಗಟ್ಟಿ ಜೋತುಬಿದ್ದಿದ್ದವು. ನಿಮ್ಮವರು ಹೇಳಿದ್ದು ಒಂದೇ ಮಾತು, 'ನೀರು ಸಾಲ್ತಿಲ್ಲ, ದಿನಾ ಒಂದು ಲೋಟ ಹಾಕಿ.' ಹಾಕಿದೆ. ತಪ್ಪು ನನ್ನದೂ ಇದೆ, ನಂಬಿದ್ದು. 14ನೇ ದಿನ ಮೂರನೇ ಎಲೆಯೂ ಮೆತ್ತಗಾಯಿತು. ಎರಡನೇ ಸಲ ಫೋನ್ ಎತ್ತಿದವರು 'ದಿನಾ ಹಾಕ್ತಾ ಇರಿ, ಜೊತೆಗೆ ವಾರಕ್ಕೆ ಮೂರು ಐಸ್ ತುಂಡು ಇಡಿ' ಅಂದರು. ಐಸ್ ಇಡುವುದು ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಕೊಳೆತ ಬೇರಿಗೆ ಐಸ್ ಆದರೇನು, ಪನ್ನೀರಾದರೇನು.

ಎಲೆ ಸುಕ್ಕಾಗಿದೆ ಅಂದರೆ ಎಲೆಗೆ ನೀರು ಮುಟ್ಟುತ್ತಿಲ್ಲ ಅಂತ ಅರ್ಥ, ಅಷ್ಟೇ. ಪಾಟ್‌ನಲ್ಲಿ ನೀರಿಲ್ಲ ಅಂತ ಅಲ್ಲ. ಬೇರು ಒಣಗಿದ್ದರೂ ಎಲೆ ಸುಕ್ಕಾಗುತ್ತದೆ, ಬೇರು ಕೊಳೆತು ನೀರು ಕುಡಿಯಲಾಗದೆ ಹೋದರೂ ಅದೇ ಸುಕ್ಕು. ಎಲೆ ನೋಡಿ ಎರಡರಲ್ಲಿ ಯಾವುದು ಅಂತ ಹೇಳೋಕಾಗಲ್ಲ. ಬೇರನ್ನೇ ನೋಡಬೇಕು. ಗಿಡ ಮಾರುವ ನಿಮಗೆ ಇದನ್ನು ನಾನು ಹೇಳಬೇಕಾಗಿ ಬಂತಲ್ಲ!

ಈಗ ಮೂರನೇ ಫೋನಿಗೆ ಬರುತ್ತೇನೆ. 19ನೇ ದಿನ, ವಿಡಿಯೋ ಕಾಲ್. ಮನೆಯವರೆಲ್ಲ ಹಾಲ್‌ನಲ್ಲೇ ಕೂತಿದ್ದರು.

'ಮೇಡಂ, ಮಣ್ಣಿಗೆ ಬೆರಳು ಹಾಕಿ ನೋಡಿ' ಅಂದರು ನಿಮ್ಮ ಸಸ್ಯತಜ್ಞರು. ಇದರಲ್ಲಿ ಮಣ್ಣಿಲ್ಲ, ತೊಗಟೆ ಚೂರು ಇದೆ ಅಂದೆ. 'ಮಣ್ಣಿಲ್ಲದೆ ಗಿಡ ಹೇಗೆ ಬರುತ್ತೆ ಮೇಡಂ? ನೀವೇ ತೆಗೆದುಬಿಟ್ರಾ?' ಅಲ್ಲಪ್ಪ, ನೀವು ಕಳಿಸಿದ್ದೇ ಹೀಗೆ ಅಂದೆ. ನಾಲ್ಕು ನಿಮಿಷ ಸಂಗೀತ ಕೇಳಿಸಿದರು. ವಾಪಸ್ ಬಂದು 'ಹೌದು ಮೇಡಂ, ಇದಕ್ಕೆ ಮಣ್ಣು ಬೇಡ್ವಂತೆ' ಅಂದರು. ಬೇಡ್ವಂತೆ! ನಾನು ಬೆರಳು ಹಾಕಿದೆ, ಮೇಲಿನ ತೊಗಟೆ ಒಣಗಿತ್ತು. 'ನೋಡಿದ್ರಾ, ಒಣಗಿದೆ, ಇನ್ನೊಂದು ಲೋಟ ಹಾಕಿ.' ಅದನ್ನೂ ಹಾಕಿದೆ, ಅವರ ಕಣ್ಣೆದುರೇ.

ಆಮೇಲೆ ಪಾಟ್‌ನಿಂದ ಹೊರಗೆ ಚಾಚಿದ್ದ ಬೇರನ್ನು ನೋಡಿ, 'ಆ ಬೆಳ್ಳಗೆ ಇದೆಯಲ್ಲ ಮೇಡಂ, ಅದು ಫಂಗಸ್, ಕತ್ತರಿಸಿ' ಅಂದರು. ಕತ್ತರಿ ನನ್ನ ಕೈಯಲ್ಲೇ ಇತ್ತು. ಯಾಕೋ ಮನಸ್ಸು ಬರಲಿಲ್ಲ, ಮೊದಲು ಅದರ ಮೇಲೆ ನೀರು ಚಿಮುಕಿಸಿದೆ. ನೋಡನೋಡುತ್ತಲೇ ಬೇರು ಹಸಿರಾಯಿತು. ಆಗಬೇಕಾದ್ದೇ ಅದು. ಜೀವ ಇರುವ ಬೇರಿನ ಮೇಲೆ ವೆಲಮೆನ್ ಅಂತ ಸ್ಪಂಜಿನಂಥ ಪದರ ಇರುತ್ತದೆ, ಒಣಗಿದಾಗ ಬೆಳ್ಳಿ ಬಣ್ಣ, ನೀರು ಹೀರಿದಾಗ ಒಳಗಿನ ಹಸಿರು ಕಾಣುತ್ತದೆ. ಆ ಗಿಡದಲ್ಲಿ ಗಟ್ಟಿಯಾಗಿ ಉಳಿದಿದ್ದ ಬೇರುಗಳಲ್ಲಿ ಅದೂ ಒಂದು. ನಿಮ್ಮ ತಜ್ಞರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬಣ್ಣ ಬದಲಾಗ್ತಿದೆ ಅಂದ್ರೆ ಕಾಯಿಲೆ ಜಾಸ್ತಿ ಆಗಿದೆ ಮೇಡಂ' ಅಂದರು.

ಕೊನೆಗೆ ಕೇಳಿದರು, 'ಅಂದ ಹಾಗೆ ದಿನಾ ಎಷ್ಟು ನೀರು ಹಾಕ್ತಿದ್ರಿ?' ನೀವು ಹೇಳಿದಷ್ಟೇ, ಒಂದು ಲೋಟ ಅಂದೆ. 'ಅಯ್ಯೋ, ಆರ್ಕಿಡ್‌ಗೆ ದಿನಾ ಯಾರಾದ್ರೂ ನೀರು ಹಾಕ್ತಾರಾ ಮೇಡಂ?' ಅಂದವರೇ, ಜೋರಾಗಿ ಓದಿಕೊಳ್ಳುತ್ತಾ ಟೈಪ್ ಮಾಡಿದರು: 'ಓವರ್ ವಾಟರಿಂಗ್ ಬೈ ಕಸ್ಟಮರ್, ಗ್ಯಾರಂಟಿ ಅನ್ವಯಿಸಲ್ಲ.' ಫೋನ್ ಇಡುವ ಮುಂಚೆ ಒಂದು ಸಲಹೆಯನ್ನೂ ಕೊಟ್ಟರು. 'ಹೊಸಬರಿಗೆ ಅಂತಲೇ ನಮ್ಮಲ್ಲಿ ಪ್ಲಾಸ್ಟಿಕ್ ಆರ್ಕಿಡ್ ಕೂಡ ಇದೆ ಮೇಡಂ, ನೀರೇ ಬೇಡ.' ಹಿಂದೆ ಕೂತಿದ್ದ ನನ್ನ ಮಗಳು ಕಿಸಕ್ಕನೆ ನಕ್ಕಳು. ಅವಳ ತಪ್ಪಿಲ್ಲ ಬಿಡಿ.

ಅವತ್ತೇ ರಾತ್ರಿ ಗಿಡವನ್ನು ಪಾಟ್‌ನಿಂದ ತೆಗೆದೆ. ಮೊದಲು ಕಂಡದ್ದು ನಿಮ್ಮ ಅಲಂಕಾರದ ಹೊರಗಿನ ಪಾಟ್. ಅದಕ್ಕೆ ತಳದಲ್ಲಿ ತೂತಿಲ್ಲ, ಎರಡು ಬೆರಳಷ್ಟು ನೀರು ನಿಂತಿತ್ತು, ವಾಸನೆ ಬೇರೆ. ಒಳಗೆ ತೊಗಟೆ ಕೊಡವಿದರೆ ನಟ್ಟನಡುವೆ, ಬೇರುಗಳ ಬುಡದಲ್ಲೇ, ಸ್ಫ್ಯಾಗ್ನಮ್ ಮಾಸ್ ಅನ್ನುವ, ನೀರು ಹಿಡಿದಿಟ್ಟುಕೊಳ್ಳುವ ಪಾಚಿಯ ಉಂಡೆ. ಸಸಿಯಾಗಿದ್ದಾಗ ನರ್ಸರಿಯಲ್ಲಿ ತುರುಕಿದ್ದನ್ನು ತೆಗೆಯದೆ ಸುತ್ತ ತೊಗಟೆ ಸುರಿದು ಮಾರಿದ್ದೀರಿ. ಮೇಲೆ ಬೆರಳಿಟ್ಟರೆ ಒಣ ತೊಗಟೆ, ನಡುವೆ ಹಿಂಡಿದರೆ ನೀರು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು, ಆ ಉಂಡೆಯೊಳಗೆ ಗಾಳಿ ಎಲ್ಲಿಂದ ಬರಬೇಕು? ಹನ್ನೊಂದು ಬೇರಿನಲ್ಲಿ ಎಂಟು ಕಂದು ಬಣ್ಣಕ್ಕೆ ತಿರುಗಿದ್ದವು. ಮೆಲ್ಲಗೆ ಎಳೆದರೆ ಮೇಲಿನ ಸಿಪ್ಪೆ ಕಾಲುಚೀಲದ ಹಾಗೆ ಕಳಚಿ, ಒಳಗಿನ ನಾರೊಂದೇ ಕೈಗೆ ಬರುತ್ತಿತ್ತು.

ಕತ್ತರಿಯನ್ನು ಬೆಂಕಿಗೆ ಹಿಡಿದು, ಸತ್ತದ್ದನ್ನೆಲ್ಲ ಕತ್ತರಿಸಿ, ತೂತಿರುವ ಚಿಕ್ಕ ಪಾರದರ್ಶಕ ಪಾಟ್‌ಗೆ ಹೊಸ ತೊಗಟೆ ಹಾಕಿ ನೆಟ್ಟಿದ್ದೇನೆ. ಹೂಗೊಂಚಲನ್ನೂ ತೆಗೆದೆ. ಮೂರು ಬೇರು ಇಟ್ಟುಕೊಂಡು ಹೂ ಸಾಕುವ ಶಕ್ತಿ ಅದಕ್ಕಿಲ್ಲ. ಈಗ ಬೇರು ಬೆಳ್ಳಗಾಗಿ ಪಾಟ್ ಹಗುರಾದ ಮೇಲೆ ಮಾತ್ರ ನೀರು. ಉಳಿಯುತ್ತದೋ ಇಲ್ಲವೋ ಈಗಲೇ ಹೇಳೋಕಾಗಲ್ಲ.

ನನಗೆ ಬೇಕಾದದ್ದು ಬೇರೆ ಗಿಡ, ನಡುವೆ ಉಂಡೆ ಇಲ್ಲದ್ದು. ಇಲ್ಲವೇ ಪೂರ್ತಿ ಹಣ. 'ಓವರ್ ವಾಟರಿಂಗ್ ಬೈ ಕಸ್ಟಮರ್' ಅನ್ನುವ ಸಾಲನ್ನು ನಿಮ್ಮ ದಾಖಲೆಯಿಂದ ತೆಗೆಯಬೇಕು. ನಿಜ ಹೇಳಬೇಕಂದರೆ ಹಣಕ್ಕಿಂತ ಆ ಸಾಲೇ ನನ್ನನ್ನು ಜಾಸ್ತಿ ಉರಿಸುತ್ತಿರುವುದು. ನೀವು ಪ್ರತಿ ಸಲವೂ 'ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ' ಅಂತ ಹೇಳಿಯೇ ಮಾತು ಶುರುಮಾಡಿದ್ದು, ದಯವಿಟ್ಟು ಒಂದು ಸಲ ಹಾಕಿಕೊಂಡು ಕೇಳಿ.

ಏಳು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗುವುದು ಒಂದು ಕಡೆ, ಇನ್ನೊಂದು ಕಡೆ ನಿಮ್ಮ ಆರ್ಕಿಡ್ ಕೊಂಡು 'ಎಲೆ ಸುಕ್ಕಾಗಿದೆ, ಏನು ಮಾಡಲಿ' ಅಂತ ಕೇಳುವ ಪ್ರತಿಯೊಬ್ಬರಿಗೂ ನಾನೇ ಉತ್ತರ ಬರೆಯುತ್ತೇನೆ, ಕೊಳೆತ ಎಂಟು ಬೇರಿನ ಫೋಟೋ ಸಮೇತ. ನನಗೆ ಈಗ ಬೇಕಾದಷ್ಟು ಬಿಡುವಿದೆ, ಯಾಕಂದರೆ ದಿನಾ ನೀರು ಹಾಕುವ ಕೆಲಸ ತಪ್ಪಿದೆ. ಆ ಉಂಡೆಯನ್ನು ಎಸೆದಿಲ್ಲ. ಜರಡಿಯಲ್ಲಿ ಇಟ್ಟು ಐದು ದಿನ ಆಯಿತು, ಈಗಷ್ಟೇ ಹಿಂಡಿ ನೋಡಿದೆ, ಇನ್ನೂ ಒದ್ದೆಯೇ ಇದೆ.

ಇಂತಿ,
ನಿಮ್ಮ ದಾಖಲೆಯ 'ಕಸ್ಟಮರ್'